ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸಂಶೋಧನೆಯ ಮಾತು: ನಮ್ಮ ವಿಶ್ವವಿದ್ಯಾಲಯದಲ್ಲಿ ಹೇಗೆ ಆರಂಭಿಸುವುದು?

ಪ್ರಶ್ನೆ — ಅರ್ಥಶಾಸ್ತ್ರ ಅಧ್ಯಾಪಕ, ಉತ್ತರ ಕರ್ನಾಟಕ

ಮಾನ್ಯರೇ,

ನಾನು ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಸಹಾಯಕ ಪ್ರಾಧ್ಯಾಪಕನಾಗಿದ್ದೇನೆ. ಕಳೆದ ಬೇಸಿಗೆಯಲ್ಲಿ ಹತ್ತಿರದ ತಾಲ್ಲೂಕೊಂದರ ಹಳ್ಳಿಗಳಲ್ಲಿ, ಕೊಳವೆಬಾವಿ ಕೊರೆಸಲು ರೈತರು ಮಾಡಿಕೊಂಡ ಸಾಲದ ಬಗ್ಗೆ ಮನೆಮನೆಗೆ ಹೋಗಿ ಮಾಹಿತಿ ಸಂಗ್ರಹಿಸುತ್ತಿದ್ದೆ. ಒಂದು ಮನೆಯ ಕಟ್ಟೆಯ ಮೇಲೆ ಕುಳಿತು ಪ್ರಶ್ನಾವಳಿ ಬಿಚ್ಚಿದಾಗ ಆ ಮನೆಯ ಹಿರಿಯರು, "ಹ್ವಾದ ತಿಂಗಳ ನಿಮ್ಮ ಯುನಿವರ್ಸಿಟಿಯವರ ಬಂದು ಇದನ್ನೆಲ್ಲಾ ಬರಕೊಂಡು ಹೋಗ್ಯಾರಲ್ರೀ ಸರ, ಮತ್ತ್ಯಾಕ ಬಂದ್ರಿ?" ಎಂದು ಕೇಳಿದರು. ವಿಚಾರಿಸಿದಾಗ ತಿಳಿದದ್ದೇನೆಂದರೆ, ನಮ್ಮಲ್ಲೇ ಭೂಗೋಳಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರು ಅದೇ ಹಳ್ಳಿಗಳಲ್ಲಿ ಕೊಳವೆಬಾವಿಗಳ ಆಳ, ನೀರು ಸಿಕ್ಕ ವರ್ಷ, ಬತ್ತಿದ ವರ್ಷ ಇವುಗಳನ್ನು ದಾಖಲಿಸುತ್ತಿದ್ದರು. ಅವರ ವಿಭಾಗ ನಮ್ಮ ವಿಭಾಗದಿಂದ ಐದು ನಿಮಿಷದ ನಡಿಗೆಯಷ್ಟು ದೂರದಲ್ಲಿದೆ. ಯಾವ ಬಾವಿ ಎಷ್ಟು ಆಳಕ್ಕೆ ಇಳಿಯಿತು ಎಂಬುದು ಅವರ ಬಳಿ ಇತ್ತು; ಆ ಬಾವಿಗೆ ಯಾರು ಎಷ್ಟು ಬಡ್ಡಿಗೆ ಹಣ ತಂದರು ಎಂಬುದು ನನ್ನ ಬಳಿ ಇತ್ತು. ಮೊದಲೇ ಮಾತನಾಡಿಕೊಂಡಿದ್ದರೆ ಆ ಹಿರಿಯರನ್ನು ಒಮ್ಮೆ ಮಾತ್ರ ಕೂರಿಸಬಹುದಾಗಿತ್ತು, ಮತ್ತು ಇಬ್ಬರಿಗೂ ಇನ್ನೂ ಒಳ್ಳೆಯ ಉತ್ತರ ಸಿಗುತ್ತಿತ್ತು.

ಅಂದಿನಿಂದ ನನಗೊಂದು ಆಲೋಚನೆ ಬಂದಿದೆ. ನಮ್ಮಲ್ಲಿ ಒಂದೂವರೆಯಿಂದ ಎರಡೂವರೆಯವರೆಗೆ ಊಟದ ವಿರಾಮವಿದೆ. ಪ್ರತಿಯೊಂದು ವಿಭಾಗದವರೂ ತಮ್ಮ ತಮ್ಮ ಕೋಣೆಯಲ್ಲಿ ಡಬ್ಬಿ ಬಿಚ್ಚುತ್ತೇವೆ. ಮಾತು ಮೌಲ್ಯಮಾಪನ, ಬಾಕಿ ವೇತನ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿಯ ಭೇಟಿ ಇವುಗಳ ಸುತ್ತ ಸುತ್ತುತ್ತದೆ. ವಾರಕ್ಕೊಂದು ದಿನ ಬೇರೆ ಬೇರೆ ವಿಭಾಗದವರು ಒಂದೆಡೆ ಕುಳಿತು ಉಣ್ಣುತ್ತ, ಒಬ್ಬರು ತಾವು ಈಗ ಮಾಡುತ್ತಿರುವ ಕೆಲಸವನ್ನು ಹೇಳಿಕೊಂಡರೆ ಹೇಗೆ? ಹಿರಿಯ ಸಹೋದ್ಯೋಗಿಯೊಬ್ಬರಲ್ಲಿ ಇದನ್ನು ಪ್ರಸ್ತಾಪಿಸಿದೆ. ಪ್ರಕಟವಾಗುವ ಮುನ್ನ ಕೆಲಸದ ಬಗ್ಗೆ ಬಾಯಿ ಬಿಟ್ಟರೆ ಬೇರೆಯವರು ಎತ್ತಿಕೊಂಡು ಹೋಗುತ್ತಾರೆ ಎಂದು ಅವರು ಎಚ್ಚರಿಸಿದರು. ಇನ್ನೊಬ್ಬರು, ರಸಾಯನಶಾಸ್ತ್ರದವರು ಹೇಳಿದ್ದು ಕನ್ನಡ ವಿಭಾಗದವರಿಗೆ ಹೇಗೆ ಅರ್ಥವಾದೀತು ಎಂದು ಕೇಳಿದರು. ಈ ಎರಡಕ್ಕೂ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಇಂಥದ್ದನ್ನು ನಡೆಸಿದ ಅಥವಾ ನೋಡಿದ ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1 — ನಿವೃತ್ತ ಭೌತಶಾಸ್ತ್ರ ಪ್ರಾಧ್ಯಾಪಕ

ನಿಮ್ಮ ಹಿರಿಯ ಸಹೋದ್ಯೋಗಿಯವರ ಭಯವನ್ನು ತಳ್ಳಿಹಾಕಬೇಡಿ. ಅದು ನಿಜವಾದ ಭಯ. ಆದರೆ ಅದಕ್ಕೆ ಉತ್ತರವೂ ಊಟದ ಮೇಜಿನ ಚರಿತ್ರೆಯಲ್ಲೇ ಇದೆ. ನನ್ನ ವಿದ್ಯಾರ್ಥಿಗಳಿಗೆ ನಾನು ವರ್ಷವರ್ಷವೂ ಹೇಳುತ್ತಿದ್ದ ಒಂದು ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 1950ರ ದಶಕದಲ್ಲಿ ಶುಕ್ರವಾರ ಮಧ್ಯಾಹ್ನ ಹತ್ತಿರದ ಚೀನೀ ಹೋಟೆಲಿಗೆ ಒಟ್ಟಾಗಿ ಊಟಕ್ಕೆ ಹೋಗುತ್ತಿದ್ದರು. ಟಿ.ಡಿ. ಲೀ ಮತ್ತು ಸಿ.ಎನ್. ಯಾಂಗ್ ಎಂಬ ಇಬ್ಬರು 1956ರಲ್ಲಿ, ಕೆಲವು ಕಣಗಳು ಒಡೆದು ಬೇರೆ ಕಣಗಳಾಗುವಂತೆ ಮಾಡುವ 'ದುರ್ಬಲ ಬಲ'ದ ಕ್ರಿಯೆಗಳಲ್ಲಿ ಪ್ರಕೃತಿಯು ಎಡಗಡೆ ಬಲಗಡೆಗಳ ನಡುವೆ ಭೇದ ಮಾಡುತ್ತಿರಬಹುದೆಂದೂ ಅದನ್ನು ಯಾರೂ ಇದುವರೆಗೆ ಪರೀಕ್ಷಿಸಿಯೇ ಇಲ್ಲವೆಂದೂ ಬರೆದಿದ್ದರು. ಅದೇ ವಿಶ್ವವಿದ್ಯಾಲಯದ ಚಿಯೆನ್-ಶಿಯುಂಗ್ ವು ಎಂಬ ವಿಜ್ಞಾನಿ ಆ ಪರೀಕ್ಷೆಯನ್ನು ಕೈಗೆತ್ತಿಕೊಂಡು, ವಾಷಿಂಗ್ಟನ್ನಿನ ಪ್ರಯೋಗಾಲಯದಲ್ಲಿ ಕೋಬಾಲ್ಟ್-60 ಎಂಬ ವಿಕಿರಣಶೀಲ ವಸ್ತುವನ್ನು ಇಟ್ಟುಕೊಂಡು ಅತಿ ಶೀತದಲ್ಲಿ ಪ್ರಯೋಗ ನಡೆಸುತ್ತಿದ್ದರು. 1957ರ ಜನವರಿ 4, ಶುಕ್ರವಾರದ ಊಟದಲ್ಲಿ ಲೀಯವರು, ವು ಅವರ ಪ್ರಯೋಗದಲ್ಲಿ ದೊಡ್ಡ ಪರಿಣಾಮವೇ ಕಾಣುತ್ತಿರುವಂತಿದೆ ಎಂಬ ಸುದ್ದಿಯನ್ನು ಹೇಳಿದರು. ಆ ಮೇಜಿನಲ್ಲಿದ್ದ ಲಿಯಾನ್ ಲೆಡರ್‌ಮನ್ ಆ ಸಂಜೆ ಕಾರಿನಲ್ಲಿ ಮನೆಗೆ ಹೋಗುವಾಗ, ಪರಿಣಾಮ ಅಷ್ಟು ದೊಡ್ಡದಾಗಿದ್ದರೆ ತಮ್ಮ ಸೈಕ್ಲೊಟ್ರಾನ್ ಎಂಬ ಕಣವೇಗವರ್ಧಕ ಯಂತ್ರದಿಂದ ಹೊಮ್ಮುವ ಮ್ಯೂಯಾನ್ ಎಂಬ ಕಣಗಳಲ್ಲೂ ಅದು ಕಾಣಬೇಕಲ್ಲವೇ ಎಂದು ಯೋಚಿಸಿದರು. ಅವರು ರಿಚರ್ಡ್ ಗಾರ್ವಿನ್ ಎಂಬ ಭೌತವಿಜ್ಞಾನಿಗೆ ಫೋನ್ ಮಾಡಿದರು. ಮಾರ್ಸೆಲ್ ವೈನ್‌ರಿಚ್ ಎಂಬ ಸಂಶೋಧನ ವಿದ್ಯಾರ್ಥಿ ತಮ್ಮ ಪ್ರಯೋಗಕ್ಕೆ ಜೋಡಿಸಿಟ್ಟಿದ್ದ ಉಪಕರಣಗಳನ್ನೇ ಬದಲಾಯಿಸಿಕೊಂಡು ಮೂವರೂ ಕೆಲಸಕ್ಕೆ ಇಳಿದರು. ಮಂಗಳವಾರ ಬೆಳಗಿನ ಹೊತ್ತಿಗೆ ಉತ್ತರ ಸಿಕ್ಕಿತ್ತು: ಮ್ಯೂಯಾನ್‌ಗಳಲ್ಲೂ ಆ ಭೇದವಿದೆ.

ಈಗ ನಿಮ್ಮ ಸಹೋದ್ಯೋಗಿಯ ಪ್ರಶ್ನೆಗೆ ಬರೋಣ. ಊಟದ ಮೇಜಿನಲ್ಲಿ ಕೇಳಿದ ಸುದ್ದಿಯಿಂದ ನಾಲ್ಕು ದಿನದಲ್ಲಿ ಫಲಿತಾಂಶ ಪಡೆದವರು, ತಾವೇ ಮೊದಲು ಪ್ರಕಟಿಸಲು ಓಡಲಿಲ್ಲ. ವು ಅವರ ತಂಡ ತನ್ನ ಪರಿಶೀಲನೆಗಳನ್ನು ಮುಗಿಸುವವರೆಗೆ ಕಾದರು. ಎರಡೂ ಪ್ರಬಂಧಗಳು ಜನವರಿ 15ರಂದು ಒಂದೇ ಪತ್ರಿಕೆಗೆ ತಲುಪಿದವು. ಊಟದ ಮೇಜಿನಲ್ಲಿ ಕೇಳಿದ್ದಕ್ಕೆ ಋಣವಿದೆ ಎಂಬುದನ್ನು ಆ ಮೇಜಿನವರೆಲ್ಲ ಒಪ್ಪಿದ್ದರು. ಅದು ಒಪ್ಪಿತವಾಗದ ಕಡೆ ಯಾರೂ ಬಾಯಿ ಬಿಡುವುದಿಲ್ಲ, ಬಿಡಲೂಬಾರದು.

ಒಪ್ಪಂದದ ಜೊತೆಗೆ ಬರಹವೂ ಇರಲಿ. ಅಂದು ಪೋಲೆಂಡಿಗೆ ಸೇರಿದ್ದ ಲ್ವೂವ್ ಪಟ್ಟಣದ ಸ್ಕಾಟಿಷ್ ಕೆಫೆಯಲ್ಲಿ ಗಣಿತಜ್ಞರು ಕಾಫಿ ಕುಡಿಯುತ್ತ ಅಮೃತಶಿಲೆಯ ಮೇಜಿನ ಮೇಲೆಯೇ ಲೆಕ್ಕ ಬರೆಯುತ್ತಿದ್ದರು, ಮೇಜು ಒರೆಸಿದಾಗ ಎಲ್ಲವೂ ಅಳಿಸಿಹೋಗುತ್ತಿತ್ತು. ಅವರಲ್ಲೊಬ್ಬರಾದ ಸ್ಟೆಫಾನ್ ಬನಾಖ್ ಅವರ ಪತ್ನಿ ಒಂದು ದಪ್ಪ ನೋಟುಪುಸ್ತಕವನ್ನು ತಂದುಕೊಟ್ಟರು. 1935ರಿಂದ ಅದರಲ್ಲಿ ಪ್ರತಿಯೊಂದು ಸಮಸ್ಯೆಯೂ ಕೇಳಿದವರ ಹೆಸರಿನೊಂದಿಗೆ ದಾಖಲಾಗತೊಡಗಿತು. ಪುಸ್ತಕ ಕೆಫೆಯಲ್ಲೇ ಇರುತ್ತಿತ್ತು. ಕೇಳಿದರೆ ಮಾಣಿ ತಂದುಕೊಡುತ್ತಿದ್ದ. 1936ರಲ್ಲಿ ಅವರಲ್ಲೇ ಇನ್ನೊಬ್ಬರಾದ ಮಜೂರ್ ಬರೆದ ಒಂದು ಸಮಸ್ಯೆಯನ್ನು ಬಿಡಿಸಿದವರಿಗೆ ಜೀವಂತ ಹೆಬ್ಬಾತಿನ ಬಹುಮಾನವಿತ್ತು. ಸ್ವೀಡನ್ನಿನ ಪೆರ್ ಎನ್‌ಫ್ಲೊ ಅದನ್ನು ಬಿಡಿಸಿದಾಗ, 1972ರಲ್ಲಿ, ಮಜೂರ್ ಅವರೇ ಆ ಹಕ್ಕಿಯನ್ನು ಕೈಗೆ ಕೊಟ್ಟರು. ನಡುವೆ ಒಂದು ಮಹಾಯುದ್ಧ ಮುಗಿದಿತ್ತು, ಊರು ಬೇರೆ ದೇಶದ ಪಾಲಾಗಿತ್ತು; ಆದರೂ ಪ್ರಶ್ನೆ ಯಾರದ್ದು ಎಂಬುದರಲ್ಲಿ ಸಂಶಯ ಉಳಿದಿರಲಿಲ್ಲ. ಇನ್ನೂರು ಪುಟದ ಒಂದು ನೋಟುಪುಸ್ತಕ ಕೊಳ್ಳಿ. ದಿನಾಂಕ, ಹೆಸರು, ಹೇಳಿದ ವಿಷಯ, ಯಾರು ಯಾವ ಸಲಹೆ ಕೊಟ್ಟರು ಎಂಬುದನ್ನು ಅದೇ ದಿನ ಅದರಲ್ಲಿ ಬರೆಸಿ.

ನನ್ನದೊಂದು ಕಹಿ ಅನುಭವವನ್ನೂ ಹೇಳಲೇಬೇಕು. ನಾನು ಮೊದಲು ಕೆಲಸ ಮಾಡಿದ ಸಂಸ್ಥೆಯಲ್ಲಿ ಇಂಥ ಕೂಟವೊಂದು ಎರಡು ವರ್ಷ ಬಹಳ ಚೆನ್ನಾಗಿ ನಡೆಯಿತು. ಅನಂತರ ಆಡಳಿತದವರು ಮೆಚ್ಚಿ, ಅದಕ್ಕೆ ಹಾಜರಿ ಪುಸ್ತಕವಿಟ್ಟು, ಪ್ರಮಾಣಪತ್ರ ಕೊಟ್ಟು, ಉದ್ಘಾಟನೆಗೆ ಅತಿಥಿಗಳನ್ನು ಕರೆಯತೊಡಗಿದರು. ಪ್ರಮಾಣಪತ್ರ ಬಂದ ಮೇಲೆ ಜನರು ಮುಗಿದ ಪ್ರಬಂಧಗಳನ್ನೇ ತಂದು ಓದಿದರು. ಮುಗಿದದ್ದರ ಬಗ್ಗೆ ಕೇಳುಗನಿಗೆ ಚಪ್ಪಾಳೆ ತಟ್ಟುವುದರ ಹೊರತು ಮಾಡಲು ಏನೂ ಇರುವುದಿಲ್ಲ. ಆರೇಳು ತಿಂಗಳಲ್ಲಿ ಕೂಟ ನಿಂತುಹೋಯಿತು, ಅದರ ನೋವು ನನಗೆ ಇಂದಿಗೂ ಇದೆ. ಆದ್ದರಿಂದ ಸಿಕ್ಕಿಹಾಕಿಕೊಂಡಿರುವ ಕೆಲಸವನ್ನೇ ತನ್ನಿ ಎಂದು ಮೊದಲ ದಿನವೇ ಹೇಳಿಬಿಡಿ.

ಉತ್ತರ 2 — ಇತಿಹಾಸ ಅಧ್ಯಾಪಕಿ, ಬಯಲುಸೀಮೆ

ಸರ್ ಅವರು ಬರೆದದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ಭಾಷೆಯ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ, ಏಕೆಂದರೆ ನಮ್ಮಲ್ಲಿ ನಾಲ್ಕು ವರ್ಷಗಳಿಂದ ಗುರುವಾರದ ಊಟ ನಡೆಯುತ್ತಿದೆ.

ನನ್ನ ಕೆಲಸ ಕೆರೆ ಶಾಸನಗಳ ಮೇಲೆ. ಒಂದು ಗುರುವಾರ, ಎಲ್ಲರೂ ಕೈ ತೊಳೆದು ಬಂದ ಮೇಲೆ, ಮೇಜನ್ನು ಎರಡು ಸಲ ಒರೆಸಿ, ವಿಜಯನಗರ ಕಾಲದ ಒಂದು ಶಾಸನದ ಪಡಿಯಚ್ಚನ್ನು (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪ್ರತಿಯನ್ನು) ಹರಡಿದೆ. ಮೂಲೆಗಳು ಮಡಚದಂತೆ ನಾಲ್ಕು ಕಡೆ ನಾಲ್ಕು ಸ್ಟೀಲ್ ಡಬ್ಬಿಗಳನ್ನು ಇಟ್ಟಿದ್ದೆವು. ಕೆರೆಯ ಬಂಡಿಯನ್ನು ನಡೆಸಿಕೊಂಡು ಹೋಗುವವನಿಗೆ ಇಂತಿಷ್ಟು ಭೂಮಿ ಬಿಟ್ಟಿದೆ ಎಂದು ಅದರಲ್ಲಿ ಬರೆದಿತ್ತು. ಕೆರೆಯನ್ನು ನೋಡಿಕೊಳ್ಳಲು ಬಿಡುವ ಭೂಮಿಗೆ ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳು ಬರುತ್ತವೆ. ನಾನು ಇದನ್ನೂ ಅಂಥದೇ ಒಂದು ದತ್ತಿಯೆಂದು ಗುರುತಿಸಿ, ಯಾರು ಕೊಟ್ಟರು, ಯಾರಿಗೆ ಕೊಟ್ಟರು ಎಂಬುದರಲ್ಲೇ ಮಗ್ನಳಾಗಿದ್ದೆ. ಭೂವಿಜ್ಞಾನದ ಸಹೋದ್ಯೋಗಿಯೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, "ಮೇಡಂ, ಈ ಬಂಡಿ ಏನನ್ನು ಹೊರುತ್ತಿತ್ತು?" ಎಂದು ಕೇಳಿದರು. ಹೂಳು ಮತ್ತು ಏರಿಗೆ ಹಾಕುವ ಮಣ್ಣು ಎಂದೆ. ಒಂದು ಬಂಡಿ ವರ್ಷವಿಡೀ ಹೂಳು ತೆಗೆಯಬೇಕಿದ್ದರೆ ಆ ಕೆರೆಗೆ ವರ್ಷಕ್ಕೆ ಬಂದು ಸೇರುತ್ತಿದ್ದ ಹೂಳಿನ ಅಂದಾಜನ್ನೇ ಈ ಸಾಲು ಹೇಳುತ್ತಿದೆಯಲ್ಲ ಎಂದು ಅವರು ಅಲ್ಲಿಯೇ ಡೈರಿಯಲ್ಲಿ ಲೆಕ್ಕ ಹಾಕತೊಡಗಿದರು. ಪಕ್ಕದಲ್ಲಿದ್ದ ಸಸ್ಯಶಾಸ್ತ್ರದ ಮೇಡಂ, ತೆಗೆಯದೆ ಉಳಿದ ಹೂಳಿನ ಪದರಗಳಲ್ಲಿ ಅಂದಿನ ಬೆಳೆಗಳ ಪರಾಗ ಸಿಕ್ಕಬಹುದು ಎಂದರು. ಆ ಶಾಸನವನ್ನು ನಾನು ಹನ್ನೊಂದು ವರ್ಷಗಳಿಂದ ಓದುತ್ತಿದ್ದೆ. ಬಂಡಿಯ ಮೇಲೆ ಹೇರಿದ ಮಣ್ಣನ್ನು ಅಂದು ಮಧ್ಯಾಹ್ನ ಮೊದಲ ಬಾರಿಗೆ ಕಂಡೆ. ಈಗ ನಾವು ಮೂವರೂ ಸೇರಿ ಆ ಕೆರೆಯ ಅಂಗಳದಲ್ಲಿ ಕೆಲಸ ಮಾಡುತ್ತಿದ್ದೇವೆ.

ಈ ಮಾತೆಲ್ಲ ನಡೆದದ್ದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ನಡೆದಿದ್ದರೆ ನಾವು ಮೂವರೂ ನಮ್ಮ ನಮ್ಮ ವಿಷಯದ ಪರಿಭಾಷೆಯ ಹಿಂದೆ ನಿಂತು ಮಾತನಾಡುತ್ತಿದ್ದೆವು ಎಂದು ನನಗನಿಸುತ್ತದೆ. ಪಾರಿಭಾಷಿಕ ಪದ ಇಂಗ್ಲಿಷಿನದೇ ಇರಲಿ, ಐಸೋಟೋಪ್ ಐಸೋಟೋಪೇ ಆಗಿರಲಿ. ಆದರೆ ವಾಕ್ಯ ಕನ್ನಡದ್ದಾಗಿರಬೇಕು ಮತ್ತು ಆ ಪದ ಏನು ಮಾಡುತ್ತದೆ ಎಂಬುದನ್ನು ಹೇಳಬೇಕು. ಇದು ಆಗದ ಕೆಲಸವೆನ್ನುವವರಿಗೆ ನಾನು ಬೆಳ್ಳಾವೆ ವೆಂಕಟನಾರಣಪ್ಪನವರನ್ನು ನೆನಪಿಸುತ್ತೇನೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರತಂದರು; 1931ರಲ್ಲಿ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿದವರೂ ಅವರೇ. ಭೌತಶಾಸ್ತ್ರಕ್ಕೂ ಹಳಗನ್ನಡಕ್ಕೂ ನಡುವೆ ಐದು ನಿಮಿಷದ ನಡಿಗೆಯೂ ಇಲ್ಲದ ಕಾಲವೊಂದು ನಮ್ಮಲ್ಲೇ ಇತ್ತು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ನಮ್ಮ ಕೂಟ ಮೊದಲು ಸಿಬ್ಬಂದಿ ಕ್ಲಬ್ಬಿನಲ್ಲಿ ಸೇರುತ್ತಿತ್ತು. ಮೊದಲ ಐದು ವಾರ ಒಬ್ಬ ಮಹಿಳೆಯೂ ಬರಲಿಲ್ಲ. ಯಾರೂ ಬರಬೇಡಿ ಎಂದಿರಲಿಲ್ಲ. ನಾವು ಎಂದೂ ಕಾಲಿಡದ ಜಾಗವಾಗಿತ್ತು, ಅಷ್ಟೆ. ಗ್ರಂಥಾಲಯದ ಪಕ್ಕದ ಕೋಣೆಗೆ ಬದಲಾಯಿಸಿದ ಮೇಲೆ ಬರತೊಡಗಿದೆವು. ಎರಡನೆಯದು ಡಬ್ಬಿಯೊಳಗಿನದು. ಒಮ್ಮೆ ಒಬ್ಬರು ಮೊಟ್ಟೆಯ ಪಲ್ಯ ತಂದಿದ್ದರು. ಯಾರೋ ಕಿಟಕಿ ತೆರೆಯಿರಿ ಎಂದರು. ಅವರು ಏನೂ ಉತ್ತರಿಸದೆ ಮುಚ್ಚಳ ಹಾಕಿಕೊಂಡರು, ಮುಂದಿನ ವಾರದಿಂದ ಬರಲಿಲ್ಲ. ಅವರ ಗೈರುಹಾಜರಿ ನಮ್ಮ ಗಮನಕ್ಕೆ ಬಂದದ್ದೇ ಮೂರು ವಾರ ಕಳೆದ ಮೇಲೆ. ಇಬ್ಬರು ಅವರ ವಿಭಾಗಕ್ಕೆ ಹೋಗಿ ಕ್ಷಮೆ ಕೇಳಿ ಕರೆತಂದೆವು. ನಮ್ಮ ನಾಡಿನಲ್ಲಿ ಜೊತೆಗೆ ಕುಳಿತು ಉಣ್ಣುವುದು ಸಣ್ಣ ಸಂಗತಿಯಲ್ಲ. ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದರ ಹಿಂದೆ ಬಹಳ ಹಳೆಯ ಗಾಯಗಳಿವೆ. ಇನ್ನೊಬ್ಬರ ಊಟದ ಬಗ್ಗೆ ಯಾರೂ ಮಾತನಾಡಬಾರದು ಎಂಬ ನಿಯಮವನ್ನು ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ.

ಉತ್ತರ 3 — ಅಮೆರಿಕದಲ್ಲಿ ಬೋಧಿಸುತ್ತಿರುವ ಕನ್ನಡಿಗ

ಇಲ್ಲಿ ಇದಕ್ಕೆ ಬ್ರೌನ್ ಬ್ಯಾಗ್ ಎನ್ನುತ್ತಾರೆ, ಕಂದು ಬಣ್ಣದ ಕಾಗದದ ಚೀಲದಲ್ಲಿ ಮನೆಯಿಂದ ಊಟ ಕಟ್ಟಿಕೊಂಡು ಬರುವ ರೂಢಿಯಿಂದ ಬಂದ ಹೆಸರು. ನಮ್ಮ ವಿಭಾಗದಲ್ಲಿ ಹೇಳುವವರಿಗೆ ಇಪ್ಪತ್ತು ನಿಮಿಷ, ಪ್ರಶ್ನೆ ಕೇಳುವವರಿಗೆ ಮೂವತ್ತು ನಿಮಿಷ. ಈ ಅನುಪಾತವನ್ನು ಕಟ್ಟುನಿಟ್ಟಾಗಿ ಪಾಲಿಸುವುದರಿಂದಲೇ ಅದು ಉಳಿದಿದೆ. ಮೊದಲ ಪ್ರಶ್ನೆ ಸಂಶೋಧನ ವಿದ್ಯಾರ್ಥಿಯದ್ದೇ ಆಗಿರಬೇಕು. ಹಿರಿಯರು ಶುರುಮಾಡಿದರೆ ಕಿರಿಯರು ಬಾಯಿ ತೆರೆಯುವುದಿಲ್ಲವೆಂಬುದು ಇಲ್ಲಿಯೂ ನಿಜ.

ಒಂದು ಸಣ್ಣ ವಿಷಯ ಯಾರೂ ಹೇಳಿಲ್ಲ: ಮಾತನಾಡುವವರು ಊಟ ಮಾಡುವುದಿಲ್ಲ. ಉಳಿದವರು ಉಣ್ಣುತ್ತಿರುವಾಗ ಅವರು ನಿಂತಿರುತ್ತಾರೆ, ಆಮೇಲೆ ನೇರವಾಗಿ ತರಗತಿಗೆ ಓಡುತ್ತಾರೆ. ನಾನು ಮೊದಲ ಸಲ ಮಾತನಾಡಿದ ದಿನ ಸಂಜೆ ಆರರವರೆಗೆ ಉಪವಾಸವಿದ್ದೆ. ಎಲ್ಲರೂ ಮೊದಲ ಹದಿನೈದು ನಿಮಿಷ ಒಟ್ಟಿಗೆ ಉಂಡು, ಅನಂತರ ಮಾತು ಆರಂಭಿಸುವುದು ನಮ್ಮ ಊರಿನ ಪದ್ಧತಿಗೂ ಒಗ್ಗುತ್ತದೆ.

ಸ್ಥಳದ ಬಗ್ಗೆ ಮೇಡಂ ಹೇಳಿದ್ದಕ್ಕೆ ಒಂದು ಸೇರ್ಪಡೆ. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಆಣ್ವಿಕ ಜೀವವಿಜ್ಞಾನದ ಪ್ರಯೋಗಾಲಯದ ಕಟ್ಟಡ 1962ರಲ್ಲಿ ಆರಂಭವಾದಾಗ, ಅದರ ಮುಖ್ಯಸ್ಥ ಮ್ಯಾಕ್ಸ್ ಪೆರೂಟ್ಸ್ ಅಲ್ಲೊಂದು ಕ್ಯಾಂಟೀನು ಇರಲೇಬೇಕೆಂದು ನೋಡಿಕೊಂಡರು. ಅವರ ಪತ್ನಿ ಗಿಸೆಲಾ ಅದನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಸಿದರು. ಬೆಳಗಿನ ಕಾಫಿ, ಮಧ್ಯಾಹ್ನದ ಊಟ, ಸಂಜೆಯ ಚಹಾ ಎಲ್ಲಕ್ಕೂ ಜನ ಅಲ್ಲಿಯೇ ಸೇರುತ್ತಿದ್ದರು.

ಹೇಗೆ ಪ್ರಶ್ನಿಸಬಾರದು ಎಂಬುದಕ್ಕೆ ಬೆಲ್ ಲ್ಯಾಬ್ಸ್ ಎಂಬ ಅಮೆರಿಕದ ಸಂಶೋಧನಾಲಯದ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ ಅವರೇ 1986ರ ಒಂದು ಉಪನ್ಯಾಸದಲ್ಲಿ ಉದಾಹರಣೆ ಕೊಟ್ಟಿದ್ದಾರೆ. ಅವರು ರಸಾಯನಶಾಸ್ತ್ರಜ್ಞರ ಊಟದ ಮೇಜಿಗೆ ಹೋಗಿ ಕುಳಿತು, ನಿಮ್ಮ ಕ್ಷೇತ್ರದ ಮಹತ್ವದ ಸಮಸ್ಯೆಗಳಾವುವು ಎಂದು ಕೇಳುತ್ತಿದ್ದರು. ಕೆಲವು ದಿನಗಳ ಮೇಲೆ, ನೀವು ಮಾಡುತ್ತಿರುವುದು ಮಹತ್ವದ್ದಲ್ಲವಾದರೆ ಅದನ್ನೇಕೆ ಮಾಡುತ್ತಿದ್ದೀರಿ ಎಂಬರ್ಥದಲ್ಲಿ ಕೇಳಿದರು. ಅದಾದ ಮೇಲೆ ಆ ಮೇಜಿನಲ್ಲಿ ತಮಗೆ ಸ್ವಾಗತವಿರಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಮೊದಲನೆಯ ಪ್ರಶ್ನೆ ಒಳ್ಳೆಯದು. ಎರಡನೆಯದನ್ನು ಊಟಕ್ಕೆ ಕುಳಿತವರ ಮುಂದೆ ಕೇಳಬಾರದು.

ಉತ್ತರ 4 — ಅತಿಥಿ ಉಪನ್ಯಾಸಕ

ನಾನು ಪಿಎಚ್.ಡಿ. ಮುಗಿಸಿ ಒಂಬತ್ತು ವರ್ಷಗಳಾದವು. ಎರಡು ಕಡೆ ಪಾಠ ಮಾಡುತ್ತೇನೆ. ಒಂದು ಕಡೆ ಮಧ್ಯಾಹ್ನ ಒಂದೂಕಾಲಿಗೆ ತರಗತಿ ಮುಗಿಯುತ್ತದೆ, ಒಂದೂವರೆಯ ಬಸ್ಸು ಹಿಡಿದು ಇನ್ನೊಂದು ಕಡೆ ಹೋಗಬೇಕು. ಡಬ್ಬಿಯನ್ನು ಹೆಚ್ಚಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ಬಿಚ್ಚುತ್ತೇನೆ. ಕಾಯಂ ಅಧ್ಯಾಪಕರ ಕೋಣೆಯಲ್ಲಿ ನನಗೊಂದು ಕುರ್ಚಿ ಇಲ್ಲ. ನನ್ನ ಪ್ರಬಂಧ ಉತ್ತರ ಕರ್ನಾಟಕದ ಸಣ್ಣಾಟ, ದೊಡ್ಡಾಟದ ಹಸ್ತಪ್ರತಿಗಳ ಮೇಲೆ; ನಾನು ಕಲಿಸುವ ಎರಡೂ ಕಡೆ ಅದರ ವಿಷಯವೇನೆಂದು ಯಾರೂ ಇದುವರೆಗೆ ಕೇಳಿಲ್ಲ.

ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಅದಕ್ಕೂ ಮೇಲಿನವರಿಗೆ 14 ಗಂಟೆ ಬೋಧನೆ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮ ಹೇಳುತ್ತದೆ. ಉಳಿದ ಹೊತ್ತು ಸಂಶೋಧನೆ, ಓದು, ಇಂಥ ಕೂಟಗಳಿಗೆ ಒದಗುತ್ತದೆ. ನಮಗೆ ಆ ಉಳಿದ ಹೊತ್ತು ಎಂಬುದೇ ಇಲ್ಲ. ನಿಮ್ಮ ಪ್ರಯತ್ನ ಒಳ್ಳೆಯದು, ಆಗಲೇಬೇಕು. ಆದರೆ ದಿನವನ್ನು ಗೊತ್ತುಮಾಡುವ ಮುನ್ನ ನಿಮ್ಮಲ್ಲಿರುವ ಅತಿಥಿ ಉಪನ್ಯಾಸಕರ ವೇಳಾಪಟ್ಟಿಯನ್ನು ಒಮ್ಮೆ ನೋಡಿ. ಸೂಚನಾ ಫಲಕದಲ್ಲಿ ಬರೆದರೆ ಸಾಲದು, ಹೆಸರು ಹಿಡಿದು ಕರೆಯಿರಿ.

ಪ್ರಶ್ನೆ ಕೇಳಿದವರ ಮರುಉತ್ತರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಕೊನೆಯ ಉತ್ತರವನ್ನು ಓದಿ ನಾನು ಮೊದಲು ಮಾಡಿದ ಕೆಲಸವೆಂದರೆ, ನಮ್ಮ ಕಟ್ಟಡದ ನಾಲ್ಕು ವಿಭಾಗಗಳ ವೇಳಾಪಟ್ಟಿಯನ್ನು ತರಿಸಿ ನೋಡಿದ್ದು. ಅತಿಥಿ ಉಪನ್ಯಾಸಕರಲ್ಲಿ ಹೆಚ್ಚಿನವರು ಮಧ್ಯಾಹ್ನವೂ ಇಲ್ಲಿಯೇ ಇರುವ ದಿನ ಬುಧವಾರ ಮಾತ್ರ. ನಾನು ಶುಕ್ರವಾರವೆಂದುಕೊಂಡಿದ್ದೆ, ಬುಧವಾರಕ್ಕೆ ಬದಲಾಯಿಸಿದ್ದೇನೆ. ಕ್ಯಾಂಟೀನಿನ ಹಿಂದಿನ ಕೋಣೆ ಸಿಗುತ್ತದೆ, ಅಲ್ಲಿ ಎಲ್ಲರೂ ಹೋಗಿಬರುತ್ತಾರೆ.

ಭೂಗೋಳದ ಸಹೋದ್ಯೋಗಿಯನ್ನು ನಿನ್ನೆ ಕಂಡು ಬಂದೆ. ಮೊದಲ ಬುಧವಾರ ನಾವಿಬ್ಬರೂ ಮಾತನಾಡುತ್ತೇವೆ. ಅವರ ಪಟ್ಟಿಯಲ್ಲಿ ಎರಡು ಬಾರಿ ಕೊರೆಸಿದರೂ ನೀರು ಬರಲಿಲ್ಲ ಎಂದು ದಾಖಲಾಗಿರುವ ಮನೆಗಳನ್ನು ನನ್ನ ಸಾಲದ ಪಟ್ಟಿಯೊಡನೆ ಹೋಲಿಸಿ ನೋಡಿದೆವು. ಕೆಲವು ಮನೆಗಳು ಮೂರನೆಯ ಬಾರಿಗೂ ಸಾಲ ತಂದಿವೆ, ಮೊದಲಿಗಿಂತ ಹೆಚ್ಚಿನ ಬಡ್ಡಿಗೆ. ಏಕೆ ತಂದರು ಎಂಬುದು ನಮ್ಮಿಬ್ಬರಿಗೂ ಗೊತ್ತಿಲ್ಲ. ಅದನ್ನೇ ಮೇಜಿನ ಮೇಲೆ ಇಡುತ್ತೇವೆ. ಸಮಾಜಶಾಸ್ತ್ರದ ಇಬ್ಬರು ಬರುತ್ತೇವೆಂದಿದ್ದಾರೆ.

ನೋಟುಪುಸ್ತಕ ಕೊಂಡಿದ್ದೇನೆ. ಊಟದ ಬಗ್ಗೆ ಮೇಡಂ ಹೇಳಿದ ನಿಯಮವನ್ನು ಮೊದಲ ಪುಟದಲ್ಲಿ ಬರೆದಾಯಿತು. ಸಣ್ಣಾಟದ ಹಸ್ತಪ್ರತಿಗಳ ಮೇಲೆ ಕೆಲಸ ಮಾಡಿರುವ ಸ್ನೇಹಿತರೇ, ನೀವು ಯಾವ ಊರಿನಲ್ಲಿದ್ದೀರೋ ತಿಳಿಯದು. ನಮ್ಮ ಊರಿಗೆ ಬರಲು ಸಾಧ್ಯವಾಗುವುದಾದರೆ ಎರಡನೆಯ ಬುಧವಾರ ನಿಮಗಾಗಿ ಬಿಟ್ಟಿದ್ದೇನೆ. ಬಸ್ಸಿನ ವೇಳೆ ತಿಳಿಸಿ, ಅದಕ್ಕೆ ಹೊಂದುವಂತೆ ಊಟದ ಹೊತ್ತನ್ನು ಹಿಂದೆ ಮುಂದೆ ಮಾಡಿಕೊಳ್ಳುತ್ತೇವೆ.